ಮೆಸೇಜು ಬಾರದ ನಂಬರುಗಳು

ಹನ್ನೊಂದನೇ ತಾರೀಕು, ಸೋಮವಾರ, ಬೆಳಿಗ್ಗೆ ಹತ್ತೂಕಾಲಿಗೆ ಠಾಣೆಯ ಮೆಟ್ಟಿಲು ಹತ್ತಿದ ಹೆಂಗಸಿನ ಕುತ್ತಿಗೆಯಲ್ಲಿ ಅಳತೆ ಟೇಪು ಇನ್ನೂ ನೇತಾಡುತ್ತಿತ್ತು. ಪೇಟೆಯ ಹಿಂದಿನ ಬೀದಿಯಲ್ಲಿ ಟೈಲರ್ ಅಂಗಡಿ ಇಟ್ಟುಕೊಂಡವಳು, ಕೈಯಲ್ಲಿದ್ದ ಕೆಲಸವನ್ನು ಅರ್ಧಕ್ಕೇ ಬಿಟ್ಟು ಎದ್ದು ಬಂದಿದ್ದಳು. ಹೆಡ್ ಕಾನ್‌ಸ್ಟೇಬಲ್ ಏನಮ್ಮ ನಿಮ್ಮ ದೂರು ಎಂದು ಕೇಳಿದ. ಈ ಹೆಡ್ಡಿಗೆ ಠಾಣೆಯಲ್ಲಿ ಉಸ್ಸಪ್ಪ ಎಂದೇ ಹೆಸರು. ಕೂತರೂ ಉಸ್ಸಪ್ಪಾ, ಎದ್ದರೂ ಉಸ್ಸಪ್ಪಾ.

"ನಮ್ಮಪ್ಪ ಸತ್ತಿದ್ದಾರೋ ಬದುಕಿದ್ದಾರೋ, ಅದು ಗೊತ್ತಾಗ್ಬೇಕು," ಅಂದಳು ಟೈಲರಮ್ಮ.

ಉಸ್ಸಪ್ಪ ಅವಳನ್ನು ಸೀದಾ ಒಳಗೆ ಇನ್ಸ್‌ಪೆಕ್ಟರ್ ಮುಂದೆ ಕರೆದುಕೊಂಡು ಹೋಗಿ ಕೂರಿಸಿದ. ಇಂಥ ಮಾತಿಗೆಲ್ಲ ಹೊರಗಿನ ಬೆಂಚಿನಲ್ಲಿ ಉತ್ತರ ಸಿಗುವುದಿಲ್ಲ ಎಂಬುದು ಅವನ ಸರ್ವಿಸ್ಸಿನ ಅನುಭವ.

ಇನ್ಸ್‌ಪೆಕ್ಟರ್ ಫ್ಯಾನಿನ ವೇಗ ತಗ್ಗಿಸಿ, ಮೊದಲಿಂದ ಹೇಳಿ ಎಂದರು. ಅವಳು ಹೇಳಿದ್ದರ ಸಾರ ಇಷ್ಟು: ಅಪ್ಪನಿಗೆ ಎಪ್ಪತ್ತೊಂದು ವರ್ಷ, ಸಿನಿಮಾ ಥಿಯೇಟರಿನಲ್ಲಿ ಪ್ರೊಜೆಕ್ಟರ್ ಆಪರೇಟರ್ ಆಗಿದ್ದವರು. ಈಚೆಗೆ ಮರೆವು. ಎರಡನೇ ತಾರೀಕು ಶನಿವಾರ ಮನೆಯಿಂದ ಹೊರಟವರು ಮರಳಿ ಬಂದಿಲ್ಲ. ಅವತ್ತೇ ಅವರ ಮನೆ ಹತ್ತಿರದ ಠಾಣೆಯಲ್ಲಿ ಕಾಣೆಯಾದ ದೂರು ದಾಖಲಾಗಿದೆ. ಮರುದಿನ ಕಾಣೆಯಾದವರ ಪ್ರಕಟಣೆ ಹಾಕುವ ಒಂದು ವೆಬ್ ಪುಟದಲ್ಲೂ ಫೋಟೋ ಸಮೇತ ಹಾಕಿಸಿದ್ದಾಳೆ. ಅಲ್ಲಿಗೆ ಎಲ್ಲ ಸರಿ. ಏಳನೇ ತಾರೀಕು ಗುರುವಾರ ಅವಳ ಫೋನಿಗೆ ಒಂದು ಮೆಸೇಜು ಬಂತು. ಅದನ್ನು ತೆಗೆದು ಮೇಜಿನ ಮೇಲಿಟ್ಟಳು.

"ನೀವು ಪ್ರಕಟಣೆ ನೀಡಿದ್ದ ವ್ಯಕ್ತಿ ನಿಧನರಾಗಿದ್ದು, ಅಂತ್ಯಕ್ರಿಯೆ ನೆರವೇರಿಸಲಾಗಿದೆ. ಗುರುತು: ಎಡಗಾಲು ಕುಂಟು, ಕೈಯಲ್ಲಿ ಊರುಗೋಲು, ಬಲ ಹುಬ್ಬಿನ ಮೇಲೆ ಗಾಯದ ಕಲೆ. ದಯವಿಟ್ಟು ಪ್ರಕಟಣೆಯನ್ನು ತೆಗೆಸಿ. ಇತರರಿಗೆ ಸ್ಥಳ ಬೇಕಾಗಿದೆ."

ಕಳಿಸಿದವರ ನಂಬರು ಇರಲಿಲ್ಲ. ಬರೀ 'ಸೂಚನೆ' ಎಂದಿತ್ತು.

"ಓದಿ ಏನು ಮಾಡಿದ್ರಿ?"

"ಅತ್ತೆ ಸಾರ್. ಮೊದಲನೇ ಸಾಲು ಓದಿದ್ದೇ ಕಣ್ಣು ಮಂಜಾಯ್ತು. ಅವತ್ತೇ ಪ್ರಕಟಣೆ ತೆಗೆಸಿಬಿಟ್ವಿ. ನಮ್ಮ ಯಜಮಾನರು, ನನ್ನ ತಮ್ಮ, ಎಲ್ಲರೂ ಅತ್ತು ಮುಗಿಸಿದ್ದಾರೆ. ನಿನ್ನೆ ಇನ್ನೊಂದ್ಸಲ ಸಾವಕಾಶವಾಗಿ ಓದಿದೆ. ಎಡಗಾಲು ಕುಂಟು ಅಂತೆ. ನಮ್ಮಪ್ಪನ ಪ್ಯಾಂಟ್ ಹೊಲಿಯೋಳೇ ನಾನು. ಎರಡು ಕಾಲೂ ಒಂದೇ ಅಳತೆ."

ಊರುಗೋಲು?

ಇಲ್ಲ. ಕೊಡಿಸಿದ್ದೆ, ಮುಟ್ಟಿಲ್ಲ. ಹುಬ್ಬಿನ ಮೇಲೆ ಕಲೆ? ಇಲ್ಲ. ಅವರಿಗಿರೋದು ಬಲ ಅಂಗೈಯಲ್ಲಿ ಸುಟ್ಟ ಕಲೆ, ಪ್ರೊಜೆಕ್ಟರಿನ ಬಿಸಿ ತಗುಲಿ ಆದದ್ದು. ಪ್ರಕಟಣೆಯಲ್ಲೂ ಅದನ್ನೇ ಬರೆಸಿದ್ದೆ. ಮನೆಯಲ್ಲಿ ಹೇಳಿದರೆ, ಬರೆದವರು ತಪ್ಪಿ ಬರೆದಿರಬಹುದು, ನೀನು ಸುಮ್ಮನೆ ಆಸೆ ಇಟ್ಕೋಬೇಡ ಅಂತಾರೆ. ಆಸೆ ಇಟ್ಟುಕೊಳ್ಳಲೋ ಬೇಡವೋ, ನೀವು ಹೇಳಿ ಸಾರ್.

ಇನ್ಸ್‌ಪೆಕ್ಟರ್ ಮೆಸೇಜನ್ನು ಇನ್ನೊಮ್ಮೆ ಓದಿದರು. ಎಷ್ಟೋ ಸಾವಿನ ಸುದ್ದಿಯನ್ನು ಅವರೇ ಎಷ್ಟೋ ಬಾಗಿಲಿಗೆ ಹೋಗಿ ಹೇಳಿದವರು. ಆದರೆ ಹೆಸರಿಲ್ಲ, ಆಸ್ಪತ್ರೆಯ ವಿಳಾಸವಿಲ್ಲ, ಸಹಿಯಿಲ್ಲ, ಸಾವಿನ ಸುದ್ದಿಯ ಬಾಲಕ್ಕೆ 'ಸ್ಥಳ ಬೇಕಾಗಿದೆ' ಎಂಬ ಮಾತು ಬೇರೆ. ಅವರ ಮೂಗಿಗೆ ಏನೋ ಹೊಡೆಯಿತು. ಹನ್ನೊಂದು ಗಂಟೆಗೆ FIR ದಾಖಲಾಯಿತು. ಟೈಲರಮ್ಮನಿಗೆ, ಸಂಜೆಯೊಳಗೆ ಏನಾದರೊಂದು ಹೇಳುತ್ತೇನೆ ಎಂದು ಕಳಿಸಿಕೊಟ್ಟರು. ಹೇಳಿದ ಮೇಲೆ, ಯಾಕಾದರೂ ಮಾತು ಕೊಟ್ಟೆನಪ್ಪಾ ಎಂದು ತಮ್ಮನ್ನು ತಾವೇ ಬೈದುಕೊಂಡರು.

'ಸೂಚನೆ' ಎಂಬ ಹೆಸರಿನಲ್ಲಿ ಮೆಸೇಜು ಕಳಿಸಲು ಅನುವು ಮಾಡಿಕೊಟ್ಟ ಕಂಪನಿಗೆ ಉಸ್ಸಪ್ಪ ಫೋನು ಮಾಡಿದ. ಅವರು ಬಹಳ ವಿನಯವಾಗಿ, ನಮ್ಮ ಮುಖ್ಯ ಕಚೇರಿಗೆ ಪತ್ರ ಬರೆಯಿರಿ, ಕಾನೂನು ವಿಭಾಗದವರು ಪರಿಶೀಲಿಸಿ ವಾರದೊಳಗೆ ಉತ್ತರಿಸುತ್ತಾರೆ ಎಂದರು. ಉಸ್ಸಪ್ಪ ಅಷ್ಟೇ ವಿನಯವಾಗಿ ಫೋನು ಇಟ್ಟು, ಆಮೇಲೆ ಬೈದ. ಪತ್ರವೇನೋ ಹೋಯಿತು. ಆದರೆ ಪತ್ರವನ್ನು ನೆಚ್ಚಿಕೊಂಡು ಕೂತರೆ ಕತೆ ಮುಗಿದಂತೆ ಎಂದು ಇನ್ಸ್‌ಪೆಕ್ಟರ್ ಜೀಪು ಹತ್ತಿದರು.

ಪ್ರಕಟಣೆಯ ಪುಟವನ್ನು ನಡೆಸುತ್ತಿದ್ದದ್ದು ಒಂದು ಸಣ್ಣ ಸೇವಾ ಸಂಸ್ಥೆ. ಒಂದು ಕೋಣೆ, ಎರಡು ಕುರ್ಚಿ, ಒಂದು ಕಂಪ್ಯೂಟರ್, ಒಬ್ಬ ಅಜ್ಜಿ. ಅಜ್ಜಿ ಟೆಲಿಫೋನ್ ಎಕ್ಸ್‌ಚೇಂಜಿನಲ್ಲಿ ಆಪರೇಟರ್ ಆಗಿ ನಿವೃತ್ತಳಾದವಳು. ಈಗಲೂ ಮಾತು ಶುರು ಮಾಡುವ ಮೊದಲು "ಹೇಳಿ" ಎನ್ನುತ್ತಿದ್ದಳು. ಮೆಸೇಜು ನೋಡಿ ಅವಳ ಮುಖ ಕಪ್ಪಿಟ್ಟಿತು.

ಗುರುವಾರ, ಶುಕ್ರವಾರ ಎರಡೇ ದಿನದಲ್ಲಿ ಎಂಟು ಮನೆಯವರು ಫೋನು ಮಾಡಿ ಪ್ರಕಟಣೆ ತೆಗೆಸಿದ್ದರಂತೆ. ಎಲ್ಲರ ದನಿಯೂ ಬಿದ್ದುಹೋಗಿತ್ತು, ಕೇಳಲು ಮನಸ್ಸಾಗಲಿಲ್ಲ, ಪಾಪ ಎಂದುಕೊಂಡು ತೆಗೆದುಬಿಟ್ಟೆ ಎಂದಳು. ಎಂಟು ಜನ ಒಟ್ಟಿಗೆ ಸಾಯುತ್ತಾರೆಯೇ ಎಂದು ಹೊಳೆಯಲಿಲ್ಲವೇ ಎಂದು ಉಸ್ಸಪ್ಪ ಕೇಳಿದ್ದಕ್ಕೆ, ನನ್ನ ವಯಸ್ಸಿಗೆ ಬಾ, ಆಗ ತಿಳಿಯುತ್ತೆ ಎಂದು ಅವನ ಬಾಯಿ ಮುಚ್ಚಿಸಿದಳು.

ಇನ್ಸ್‌ಪೆಕ್ಟರ್ ಪುಟ ಹೇಗೆ ನಡೆಯುತ್ತದೆ ಎಂದು ಕೇಳಿ ತಿಳಿದುಕೊಂಡರು. ಹೊಸ ಪ್ರಕಟಣೆ ಮೇಲೆ, ಹಳೆಯದು ಕೆಳಗೆ. ಮೊದಲ ಪುಟದಲ್ಲಿ ಹನ್ನೆರಡಕ್ಕೆ ಮಾತ್ರ ಜಾಗ. ಹದಿಮೂರನೆಯದು ಬಂದರೆ ಕೊನೆಯದು 'ಹಿಂದಿನವು' ಎಂಬ ಗುಂಡಿಯ ಹಿಂದಕ್ಕೆ ಹೋಗುತ್ತದೆ.

"ಆ ಗುಂಡಿ ಒತ್ತಿ ನೋಡ್ತಾರಾ ಜನ?"

"ಒತ್ತಲ್ಲ ಕಣಪ್ಪ. ಹಿಂದಕ್ಕೆ ಹೋದ್ರೆ ಹೋದ ಹಾಗೇನೆ."

ಒಂದು ಪುಣ್ಯಕ್ಕೆ, ಅಜ್ಜಿ ದಿನಾ ಸಂಜೆ ಪುಟದ ಒಂದು ಪ್ರತಿಯನ್ನು ತೆಗೆದಿಡುತ್ತಿದ್ದಳು. ಆರನೇ ತಾರೀಕಿನಿಂದೀಚೆಗಿನ ಪ್ರತಿಗಳನ್ನೆಲ್ಲ ಪೆನ್‌ಡ್ರೈವಿಗೆ ಹಾಕಿಸಿಕೊಂಡು ಠಾಣೆಗೆ ಬಂದರು.

ಠಾಣೆಯಲ್ಲಿ ಕಂಪ್ಯೂಟರ್ ಬಲ್ಲವಳೆಂದರೆ ಒಬ್ಬಳೇ ಮಹಿಳಾ ಕಾನ್‌ಸ್ಟೇಬಲ್, ಎಲ್ಲರ ಬಾಯಲ್ಲೂ ಕೀಲಿಮಣೆ. ಇನ್ಸ್‌ಪೆಕ್ಟರಿಗೂ ಕಂಪ್ಯೂಟರಿಗೂ ಅಷ್ಟಕ್ಕಷ್ಟೇ. ಮೆಸೇಜು ಬರುವ ಹಿಂದಿನ ಸಂಜೆಯ ಪುಟದಿಂದ ಹನ್ನೆರಡು ಜನರ ಗುರುತು, ಫೋನ್ ನಂಬರು ಬರೆದುಕೊಡು, ಒಬ್ಬೊಬ್ಬರಿಗೂ ಫೋನು ಮಾಡಿ ವಿಚಾರಿಸೋಣ ಎಂದರು. ಅವಳು ಪೆನ್ನು ಕೈಗೆತ್ತಿಕೊಳ್ಳದೆ, ಬೆರಳು ಮಡಚಿ ಲಟಕ್ಕೆನಿಸಿ, ಅದಕ್ಕೆ ಒಂದು ರೆಗ್ಯುಲರ್ ಎಕ್ಸ್‌ಪ್ರೆಶನ್ ಬರೆದರೆ ಸಾಕು ಸಾರ್, ಕೈಯಲ್ಲಿ ಬರೆದರೆ ತಪ್ಪಾಗುತ್ತೆ ಎಂದಳು.

ಅದೇನಮ್ಮ ಅದು ಎಂದದ್ದಕ್ಕೆ ಅವಳು ಹೇಳಿದ್ದು ಹೀಗೆ. ನಾವು ಹುಡುಕುವ ಅಕ್ಷರಗಳ ಆಕಾರ ಹೇಗಿರುತ್ತೆ ಅಂತ ಒಂದೇ ಸಾಲಲ್ಲಿ ಬರೆದುಕೊಡೋದು. 'ಗುರುತು' ಅನ್ನೋ ಪದ ಸಿಕ್ಕಿದಲ್ಲಿಂದ ಸಾಲು ಮುಗಿಯೋವರೆಗೂ ಇರೋದನ್ನ ಎತ್ತಿಕೋ. ಆಮೇಲೆ ಏನು ಬಂದ್ರೂ ದಾಟಿಕೊಂಡು ಹೋಗು. ಹತ್ತು ಅಂಕಿ ಒಟ್ಟಿಗೆ ಸಿಕ್ಕಿದ ತಕ್ಷಣ ನಿಂತ್ಕೊ, ಅದನ್ನೂ ಎತ್ತಿಕೋ. ಮತ್ತೆ ಮುಂದಿನ 'ಗುರುತು' ಹುಡುಕು. ಪುಟ ಎಷ್ಟೇ ಉದ್ದ ಇರಲಿ, ಕಣ್ಣು ಮಿಟುಕಿಸುವಷ್ಟರಲ್ಲಿ ಎಲ್ಲ ಆರಿಸಿ ಕೊಡುತ್ತೆ.

"ಓದುತ್ತಾ ಅದು?"

"ಓದಲ್ಲ ಸಾರ್. ಆಕಾರ ನೋಡುತ್ತೆ, ಅಷ್ಟೇ."

ಗುಂಡಿ ಒತ್ತಿದಳು. ಪರದೆಯ ಮೇಲೆ ಸಾಲುಗಳು ಬಂದವು. ಇನ್ಸ್‌ಪೆಕ್ಟರ್ ಎಣಿಸಿದರು. ಹನ್ನೆರಡು ಇರಬೇಕಿತ್ತು, ಹನ್ನೊಂದೇ ಇದ್ದವು. ಕೀಲಿಮಣೆ ಸಾಲುಗಳ ಮೇಲೆ ಕಣ್ಣಾಡಿಸಿದವಳೇ ನಾಲಿಗೆ ಕಚ್ಚಿಕೊಂಡಳು. ಟೈಲರಮ್ಮನ ನಂಬರಿನ ಪಕ್ಕದಲ್ಲಿ ಅಂಗೈಯ ಸುಟ್ಟ ಕಲೆ ಇರಲಿಲ್ಲ. ಎಡಗಾಲು ಕುಂಟು, ಊರುಗೋಲು, ಬಲ ಹುಬ್ಬಿನ ಮೇಲೆ ಗಾಯದ ಕಲೆ ಎಂದಿತ್ತು. ಎಲ್ಲೋ ತಪ್ಪಿದ್ದೀನಿ ಸಾರ್, ಅಳಿಸಿ ಇನ್ನೊಂದ್ಸಲ ಮಾಡ್ತೀನಿ ಎಂದು ಕೈ ಮುಂದೆ ಮಾಡಿದಳು.

"ಕೈ ತೆಗಿ," ಅಂದರು ಇನ್ಸ್‌ಪೆಕ್ಟರ್. "ಅಳಿಸ್ಬೇಡ. ಮೆಸೇಜಲ್ಲಿ ಇರೋದೂ ಇದೇ ತಪ್ಪು."

ಮೂವರೂ ತಲೆಗೆ ತಲೆ ತಾಗಿಸಿ ಪರದೆಯನ್ನು ನೋಡಿದರು. ಮೂಲ ಪುಟದಲ್ಲಿ ಟೈಲರಮ್ಮನ ಪ್ರಕಟಣೆಯ ಮೇಲುಗಡೆ ಇನ್ನೊಂದು ಪ್ರಕಟಣೆ ಇತ್ತು. ಬೋರ್ಡು ಬರೆಯುವ ಪೇಂಟರ್ ಒಬ್ಬ ತನ್ನ ಅಣ್ಣನಿಗಾಗಿ ಹಾಕಿದ್ದು. ಕುಂಟು, ಊರುಗೋಲು, ಹುಬ್ಬಿನ ಕಲೆ ಎಲ್ಲ ಆ ಅಣ್ಣನವು. ಅದರ ಕೆಳಗೆ ಫೋನ್ ನಂಬರೂ ಇತ್ತು. ಮತ್ತೆ ಯಂತ್ರಕ್ಕೆ ಯಾಕೆ ಕಾಣಲಿಲ್ಲ? ಕೀಲಿಮಣೆ ತನ್ನ ಸಾಲನ್ನು ತಿರುಗಿಸಿ ಮುರುಗಿಸಿ ನೋಡಿದಳು. ಉಸ್ಸಪ್ಪ ತಲೆ ಕೆರೆದುಕೊಂಡ. ಇನ್ಸ್‌ಪೆಕ್ಟರ್ ಕನ್ನಡಕ ಹಣೆಗೇರಿಸಿ ಪರದೆಗೆ ಮೂಗು ತಾಗುವಷ್ಟು ಬಗ್ಗಿದರು.

"ನಂಬರು ಕನ್ನಡ ಅಂಕೀಲಿದೆ ಕಣೇ," ಎಂದರು.

ಕೀಲಿಮಣೆ ಹಣೆ ಚಚ್ಚಿಕೊಂಡಳು. ಹತ್ತು ಅಂಕಿ ಎಂದರೆ ಅವಳು ಬರೆದದ್ದು ಸೊನ್ನೆಯಿಂದ ಒಂಬತ್ತರವರೆಗಿನ ಇಂಗ್ಲಿಷ್ ಅಂಕಿ. ಕನ್ನಡದ ೬, ೭, ೮ ಅದಕ್ಕೆ ಅಂಕಿಗಳೇ ಅಲ್ಲ. ಹಾಗಾಗಿ ಪೇಂಟರನ ಅಣ್ಣನ ಗುರುತನ್ನು ಎತ್ತಿಕೊಂಡ ಯಂತ್ರ, ಅವನ ನಂಬರನ್ನು ಕಸವೆಂದು ದಾಟಿ, ಟೈಲರಮ್ಮನ ಪ್ರಕಟಣೆಯೊಳಗೆ ನುಗ್ಗಿ, ಅಲ್ಲಿ ಸಿಕ್ಕಿದ ಇಂಗ್ಲಿಷ್ ಅಂಕಿಯ ನಂಬರಿಗೆ ಆ ಗುರುತನ್ನು ಅಂಟಿಸಿಬಿಟ್ಟಿತ್ತು. ಮೆಸೇಜು ಕಳಿಸಿದ ಮಹಾಶಯನೂ ಥೇಟ್ ಇದನ್ನೇ ಮಾಡಿದ್ದ. ಕನ್ನಡದಲ್ಲಿ ಮಾತಾಡಿ, ಕನ್ನಡದಲ್ಲಿ ಮೆಸೇಜು ಬರೆದು, ಅಂಕಿ ಬಂದ ಕೂಡಲೇ ಕನ್ನಡ ಮರೆಯುವುದು ನಮ್ಮವರಿಗೆ ಎಷ್ಟು ರೂಢಿಯಾಗಿದೆಯೆಂದರೆ, ತಪ್ಪು ಎಂದು ಯಾರಿಗೂ ಅನ್ನಿಸುವುದೇ ಇಲ್ಲ.

"ಅಂದ್ರೆ ಸಾರ್," ಉಸ್ಸಪ್ಪ ನಿಧಾನಕ್ಕೆ ಕೇಳಿದ, "ಮೆಸೇಜು ಕಳಿಸಿದೋನು ಹೆಣ ನೋಡಿಲ್ಲ?"

"ಹೆಣ ಹಾಗಿರಲಿ, ಪ್ರಕಟಣೇನೂ ಓದಿಲ್ಲ ಅವನು."

ಇನ್ಸ್‌ಪೆಕ್ಟರ್ ಎದೆಯ ಮೇಲಿಂದ ಒಂದು ಚಪ್ಪಡಿ ಇಳಿದಂತಾಯಿತು. ಆದರೂ ಟೈಲರಮ್ಮನಿಗೆ ಹೇಳುವ ಮೊದಲು ಒಂದು ಕೆಲಸ ಬಾಕಿಯಿತ್ತು. ಊರುಗೋಲಿನವನಾದರೂ ನಿಜಕ್ಕೂ ಸತ್ತಿದ್ದಾನೆಯೇ? ಪೇಂಟರನ ನಂಬರಿಗೆ ಫೋನು ಮಾಡಿದರೆ ಎತ್ತಲಿಲ್ಲ. ಮಧ್ಯಾಹ್ನ ಮೂರು ಗಂಟೆಗೆ ವಿಳಾಸ ಹುಡುಕಿಕೊಂಡು ಹೋದರು.

ಬಣ್ಣದ ಡಬ್ಬಿಗಳ ನಡುವೆ ದಾರಿ ಮಾಡಿಕೊಂಡು ಉಸ್ಸಪ್ಪ ಬಾಗಿಲು ತಟ್ಟಿದ. ಒಳಗಿನಿಂದ ಟಕ್ ಟಕ್ ಎಂದು ಸದ್ದು ಹತ್ತಿರವಾಯಿತು. ಬಾಗಿಲು ತೆರೆದವನ ಕೈಯಲ್ಲಿ ಊರುಗೋಲು. ಎಡಗಾಲು ಕುಂಟು. ಬಲ ಹುಬ್ಬಿನ ಮೇಲೆ ಗಾಯದ ಕಲೆ. ಉಸ್ಸಪ್ಪ ತನಗರಿವಿಲ್ಲದೆ ಎರಡು ಹೆಜ್ಜೆ ಹಿಂದಕ್ಕಿಟ್ಟು ಒಂದು ಡಬ್ಬಿ ಉರುಳಿಸಿದ.

ಸತ್ತವನು ಯಾರು ಬೇಕಿತ್ತು ಎಂದು ವಿಚಾರಿಸಿದ.

ಪೇಂಟರ್ ಒಳಗಿನಿಂದ ಕೈ ಒರೆಸಿಕೊಳ್ಳುತ್ತ ಬಂದ. ರೇಡಿಯೋ ಸದ್ದು ಜಾಸ್ತಿ ಎಂಬ ಮಾತಿಗೆ ಅಣ್ಣ ಮುನಿಸಿಕೊಂಡು ನಾಲ್ಕನೇ ತಾರೀಕು ಮನೆ ಬಿಟ್ಟಿದ್ದ, ಎರಡು ದಿನ ಸ್ನೇಹಿತನ ಮನೆಯಲ್ಲಿ ಉಂಡು ಮಲಗಿ ಆರನೇ ತಾರೀಕು ತಾನೇ ಬಂದ, ಪ್ರಕಟಣೆ ತೆಗೆಸುವುದು ಮರೆತೇಹೋಯಿತು ಸಾರ್ ಎಂದು ತಪ್ಪೊಪ್ಪಿಕೊಂಡ. ಮೆಸೇಜು ಬಂದಿತ್ತೇ ಎಂದರೆ ಇಲ್ಲ. ನಂಬರನ್ನು ಕನ್ನಡ ಅಂಕಿಯಲ್ಲಿ ಯಾಕೆ ಕೊಟ್ಟೆ ಎಂದು ಇನ್ಸ್‌ಪೆಕ್ಟರ್ ಕೇಳಿದ್ದಕ್ಕೆ ಅವನಿಗೆ ಸ್ವಲ್ಪ ಕೋಪವೇ ಬಂತು. ಇಪ್ಪತ್ತು ವರ್ಷದಿಂದ ಬೋರ್ಡು ಬರೀತಿದ್ದೀನಿ, ಕನ್ನಡ ಅಂಕೀಲಿ ಬರೆದ್ರೆ ಫೋನು ಹೋಗಲ್ವಾ ಎಂದ. ಇನ್ಸ್‌ಪೆಕ್ಟರ್ ನಕ್ಕು, ಹೋಗದೇ ಇದ್ದದ್ದೇ ಒಳ್ಳೇದಾಯ್ತು ಕಣಯ್ಯ ಎಂದು ಅವನ ಹೆಗಲು ತಟ್ಟಿದರು. ಅಣ್ಣನಿಗೆ ಮೆಸೇಜನ್ನು ಓದಿ ಹೇಳಿದಾಗ ಅವನು ಬಹಳ ಗಂಭೀರವಾಗಿ, ಯಾವತ್ತು ಸತ್ತೆ ಅಂತ ಬರೆದಿದ್ದಾರೆ ಎಂದು ಕೇಳಿದ.

ಸಂಜೆ ಐದಕ್ಕೆ ಇನ್ಸ್‌ಪೆಕ್ಟರ್ ಟೈಲರ್ ಅಂಗಡಿಗೆ ತಾವೇ ಹೋದರು. ಫೋನಿನಲ್ಲಿ ಹೇಳುವ ಮಾತಾಗಿರಲಿಲ್ಲ. ಅವಳು ಹೊಲಿಗೆ ಯಂತ್ರದ ಮುಂದಿನಿಂದ ಎದ್ದು ನಿಂತಳು, ಮುಖದಲ್ಲಿ ರಕ್ತವಿರಲಿಲ್ಲ.

"ಕೂತ್ಕೊಳ್ಳಿ ಅಮ್ಮ. ನಿಮ್ಮಪ್ಪ ಬದುಕಿದ್ದಾರೆ ಅಂತ ನಾನು ಹೇಳ್ತಿಲ್ಲ. ಸತ್ತಿದ್ದಾರೆ ಅಂತ ಹೇಳಿದೋನಿಗೆ ಏನೂ ಗೊತ್ತಿಲ್ಲ, ಅಷ್ಟು ಮಾತ್ರ ಹೇಳ್ತಿದ್ದೀನಿ."

ಅವಳು ಕೂರಲಿಲ್ಲ. ಸೆರಗಿನಿಂದ ಬಾಯಿ ಮುಚ್ಚಿಕೊಂಡು ಅಳುತ್ತ, ಅಳುವಿನ ಮಧ್ಯೆಯೇ ನಗುತ್ತ, ಗಂಡನನ್ನು ಕೂಗಿ, ನೋಡಿ, ನಾನು ಹೇಳ್ಲಿಲ್ವಾ ಎಂದಳು. ಗಂಡನ ಕಣ್ಣಲ್ಲೂ ನೀರು ನಿಂತಿತು. ಹೌದು ಮಾರಾಯ್ತಿ, ನೀನೇ ಗೆದ್ದೆ ಎಂದ. ಹತ್ತು ನಿಮಿಷದಲ್ಲಿ ಟೆಲಿಫೋನ್ ಅಜ್ಜಿ ಪ್ರಕಟಣೆಯನ್ನು ಮತ್ತೆ ಹಾಕಿದಳು. ಅದೊಂದೇ ಅಲ್ಲ, ಉಳಿದ ಏಳು ಮನೆಗಳಿಗೂ ಅವಳೇ ಫೋನು ಮಾಡಿ ಮೆಸೇಜು ಸುಳ್ಳೆಂದು ಹೇಳಿದಳು. ಏಳು ಮನೆಗಳಲ್ಲೂ ಒಬ್ಬೊಬ್ಬರು ಒಂದೊಂದು ಬಗೆಯಲ್ಲಿ ಅತ್ತರಂತೆ. ಇಷ್ಟು ವರ್ಷದ ನೌಕರಿಯಲ್ಲಿ ಇಂಥ ಕರೆ ನಾನು ಜೋಡಿಸಿರಲಿಲ್ಲ ಎಂದು ಅಜ್ಜಿ ಆಮೇಲೆ ಇನ್ಸ್‌ಪೆಕ್ಟರ್‌ಗೆ ಹೇಳಿದಳು.

ಮಂಗಳವಾರ ಬೆಳಿಗ್ಗೆ ಒಂಬತ್ತಕ್ಕೆ ಟೈಲರಮ್ಮನ ಫೋನು ಬಡಿದುಕೊಂಡಿತು. ಪೇಟೆಯ ಆಚೆ ಕೊನೆಯ ಆಸ್ಪತ್ರೆಯೊಂದರ ವಾರ್ಡಿನ ನರ್ಸ್. ಅಂಗೈಯಲ್ಲಿ ಸುಟ್ಟ ಕಲೆ ಇರುವ ಅಜ್ಜ ಒಬ್ಬರು ನಮ್ಮಲ್ಲಿದ್ದಾರೆ, ಬಂದು ನೋಡಿ ಎಂದಳು.

ಇನ್ಸ್‌ಪೆಕ್ಟರ್ ತಲುಪುವಷ್ಟರಲ್ಲಿ ಮಗಳು ಹಾಸಿಗೆಯ ಪಕ್ಕ ನಿಂತಿದ್ದಳು. ಅಜ್ಜನನ್ನು ಮೂರನೇ ತಾರೀಕು ಒಬ್ಬ ಬಸ್ ಕಂಡಕ್ಟರ್ ಜ್ವರದ ಮೈಯಲ್ಲಿ ತಂದು ಸೇರಿಸಿದ್ದ. ಹೆಸರು ಕೇಳಿದಾಗ ಅಜ್ಜ ತಾನು ಕೆಲಸ ಮಾಡಿದ ಥಿಯೇಟರಿನ ಹೆಸರು ಹೇಳಿದ್ದ. ಆಸ್ಪತ್ರೆಯವರು ಅದನ್ನೇ ಬರೆದುಕೊಂಡು, ಅದೇ ಹೆಸರನ್ನು ಠಾಣೆಗಳಿಗೂ ತಿಳಿಸಿದ್ದರು. ಯಾರು ತಾನೇ ಹೊಂದಿಸಿ ನೋಡುತ್ತಾರೆ? ಜ್ವರ ಇಳಿದ ಮೇಲೆ, ಎಂಟನೇ ತಾರೀಕು ಶುಕ್ರವಾರ, ನರ್ಸ್ ಪ್ರಕಟಣೆಯ ಪುಟ ತೆಗೆದು ನೋಡಿದ್ದಳು. ಅಜ್ಜನ ಫೋಟೋ ಇರಲಿಲ್ಲ. ಹಿಂದಿನ ದಿನವಷ್ಟೇ ತೆಗೆಸಿದ್ದರು. ಇವತ್ತು ಯಾಕೋ ಮತ್ತೆ ನೋಡೋಣ ಅನ್ನಿಸಿತು ಸಾರ್ ಎಂದಳು.

ಇನ್ಸ್‌ಪೆಕ್ಟರ್ ಹಲ್ಲು ಕಚ್ಚಿದರು. ಆ ಮೆಸೇಜು ಬಾರದಿದ್ದರೆ ಈ ಅಜ್ಜ ನಾಲ್ಕು ದಿನ ಮೊದಲೇ ಮನೆಯಲ್ಲಿರುತ್ತಿದ್ದ.

ಅಜ್ಜ ಮಗಳನ್ನು ಮೇಲಿಂದ ಕೆಳಗೆ ನೋಡಿ ಗದರಿದ. "ಎಷ್ಟೊತ್ತು ನಿಂಗೆ? ಶೋ ಬಿಟ್ಟು ಎಲ್ರೂ ಮನೆಗೆ ಹೋದ್ರು."

"ತಡ ಆಯ್ತಪ್ಪ, ತಪ್ಪಾಯ್ತು," ಅಂದಳು ಮಗಳು, ಅವನ ಕೈಯನ್ನು ಎರಡೂ ಕೈಯಲ್ಲಿ ಹಿಡಿದುಕೊಂಡು. ಇನ್ಸ್‌ಪೆಕ್ಟರ್ ಹೊರಗೆ ವರಾಂಡಕ್ಕೆ ಹೋದರು. ಅರ್ಧ ಕೇಸು ಅಲ್ಲಿಗೆ ಮುಗಿದಿತ್ತು. ಮನಸ್ಸಿಗೆ ಬೇಕಾಗಿದ್ದ ಅರ್ಧ.

ಉಳಿದರ್ಧ ಮಂಗಳವಾರ ಮಧ್ಯಾಹ್ನ ಬಿಚ್ಚಿಕೊಂಡಿತು. ಮೊದಲ ಪುಟದಲ್ಲಿದ್ದ ಹನ್ನೆರಡು ಮನೆಗಳಿಗೂ ಉಸ್ಸಪ್ಪ ಫೋನು ಮಾಡಿ ಮುಗಿಸಿದ್ದ. ಹತ್ತು ಮನೆಗೆ ಮೆಸೇಜು ಬಂದಿತ್ತು. ಎಂಟು ಮನೆಯವರು ನಂಬಿ ಪ್ರಕಟಣೆ ತೆಗೆಸಿದ್ದರು, ಇಬ್ಬರು ಯಾವನೋ ತಲೆಕೆಟ್ಟವನ ಕೆಲಸ ಎಂದು ಸುಮ್ಮನಿದ್ದರು. ಪೇಂಟರನಿಗೆ ಬಂದಿಲ್ಲ, ಕಾರಣ ಗೊತ್ತಾಗಿದೆ. ಇನ್ನೊಬ್ಬನಿಗೂ ಬಂದಿಲ್ಲವಂತೆ. ಅವನು ಫೋನಿನಲ್ಲಿ, ಮೆಸೇಜು ಗಿಸೇಜು ಏನೂ ಬಂದಿಲ್ಲ, ನನ್ನ ತಮ್ಮನ ವಿಷಯ ಏನಾದ್ರೂ ಗೊತ್ತಾಯ್ತಾ ಸಾರ್ ಎಂದು ಉಸ್ಸಪ್ಪನನ್ನೇ ಕೇಳಿದ್ದ.

"ಅವನ ನಂಬರೂ ಕನ್ನಡ ಅಂಕೀಲಿದೆಯಾ?"

ಕೀಲಿಮಣೆ ಪುಟ ನೋಡಿದಳು. ಇಲ್ಲ, ಇಂಗ್ಲಿಷ್ ಅಂಕಿ. ತನ್ನ ಸಾಲು ಅದನ್ನು ಸಲೀಸಾಗಿ ಹಿಡಿದಿದೆ. ಹನ್ನೊಂದರಲ್ಲಿ ಕೊನೆಯದೇ ಅದು.

ಇನ್ಸ್‌ಪೆಕ್ಟರ್ ಮೇಜಿನ ಮೇಲೆ ಬೆರಳು ಬಡಿಯುತ್ತ ಕೂತರು. ಯಂತ್ರ ಹಿಡಿದ ನಂಬರನ್ನು ಯಂತ್ರ ಬಿಡುವುದಿಲ್ಲ. ಬಿಟ್ಟಿದೆ ಎಂದರೆ ಯಾರೋ ಕೈಯಾರೆ ತೆಗೆದಿದ್ದಾರೆ. ಅಜ್ಜಿ ಕೊಟ್ಟ ಪ್ರತಿಗಳನ್ನು ಒಂದರ ಪಕ್ಕ ಒಂದು ಇಡಿಸಿ ನೋಡಿದರು. ಆರನೇ ತಾರೀಕಿನ ಸಂಜೆ ಆ ತಮ್ಮನ ಪ್ರಕಟಣೆ ಮೊದಲ ಪುಟದ ಕಟ್ಟಕಡೆಯಲ್ಲಿತ್ತು. ಇನ್ನೊಂದು ಹೊಸದು ಬಂದಿದ್ದರೆ ಗುಂಡಿಯ ಹಿಂದಕ್ಕೆ ಹೋಗುತ್ತಿತ್ತು. ಎಂಟನೇ ತಾರೀಕಿನ ಸಂಜೆ ಅದೇ ಪ್ರಕಟಣೆ ಮೇಲಿಂದ ನಾಲ್ಕನೆಯದು. ಮೆಸೇಜಿನ ಬಾಲದಲ್ಲಿದ್ದ ಮಾತಿನ ಅರ್ಥ ಆಗ ಬಿಚ್ಚಿಕೊಂಡಿತು. ಜಾಗ ಬೇಕಾಗಿದ್ದವನು ಅವನೇ.

ಬುಧವಾರ, ಹದಿಮೂರನೇ ತಾರೀಕು, ಬೆಳಿಗ್ಗೆ ಹನ್ನೊಂದು ಗಂಟೆಗೆ ಇನ್ಸ್‌ಪೆಕ್ಟರ್, ಉಸ್ಸಪ್ಪ, ಕೀಲಿಮಣೆ ಮೂವರೂ ಟೈರ್ ಅಂಗಡಿಯ ಮೇಲಿನ ಮೂರನೇ ಮಹಡಿ ಹತ್ತಿದರು. ಉಸ್ಸಪ್ಪ ಪ್ರತಿ ಮಹಡಿಗೂ ತನ್ನ ಹೆಸರು ಸಾರ್ಥಕ ಮಾಡಿದ. ಅದೊಂದು ಸಣ್ಣ ಆಫೀಸು. ಅಂಗಡಿಗಳ ವೆಬ್ ಪುಟಗಳಿಂದ ಬೆಲೆಗಳನ್ನು ಆರಿಸಿ, ಯಾರು ಯಾವ ಫ್ರಿಜ್ಜನ್ನು ಎಷ್ಟಕ್ಕೆ ಮಾರುತ್ತಿದ್ದಾರೆ ಎಂದು ಗಿರಾಕಿ ಕಂಪನಿಗಳಿಗೆ ತಿಳಿಸುವುದು ಅವರ ಕಸುಬು. ಆ ಕೆಲಸದಲ್ಲಿ ಎತ್ತಿದ ಕೈ ಎಂದರೆ ಕಿಟಕಿ ಪಕ್ಕ ಕೂತಿದ್ದ ಮೂವತ್ತೈದರ ಆಸುಪಾಸಿನವನು. ಸಹೋದ್ಯೋಗಿಗಳು ಅವನನ್ನು ಬೆಲೆರಾಯ ಎನ್ನುತ್ತಿದ್ದರು. ಯೂನಿಫಾರ್ಮು ಕಂಡದ್ದೇ ಅವನು ಎದ್ದು ನಿಂತ.

"ತಮ್ಮ ಸಿಕ್ಕಿದ್ನಾ ಸಾರ್?"

ಇಲ್ಲ ಎಂದರು ಇನ್ಸ್‌ಪೆಕ್ಟರ್. ಕೂತು ಮಾತಾಡುವ ಜಾಗ ಎಲ್ಲಿದೆ ಎಂದು ಕೇಳಿದರು.

ಗಾಜಿನ ಸಣ್ಣ ಕೋಣೆಯಲ್ಲಿ ಬಾಗಿಲು ಹಾಕಿಕೊಂಡು ಕೂತ ಮೇಲೆ ಬೆಲೆರಾಯ ಹೆಚ್ಚು ಹೊತ್ತು ಎಳೆಯಲಿಲ್ಲ. ಮೆಸೇಜನ್ನು ಮುಂದಿಟ್ಟ ಕೂಡಲೇ ಅವನ ಹೆಗಲು ಇಳಿಯಿತು. ನಾನೇ ಕಳಿಸಿದ್ದು ಎಂದ. ಬೆಲೆ ಆರಿಸಲು ದಿನಾ ಬಳಸುವ ಸಾಲನ್ನೇ ಸ್ವಲ್ಪ ತಿದ್ದಿ ಪುಟಕ್ಕೆ ಹಚ್ಚಿದ್ದ. ಅಂಗಡಿಯ ಬೆಲೆಗಳು ಕನ್ನಡ ಅಂಕಿಯಲ್ಲಿ ಎಲ್ಲಿರುತ್ತವೆ? ಆ ಯೋಚನೆ ಅವನ ತಲೆಗೇ ಬಂದಿರಲಿಲ್ಲ. ಕೀಲಿಮಣೆ ಅವನ ಕಂಪ್ಯೂಟರಿನಲ್ಲಿ ಆ ಸಾಲನ್ನು ಕಂಡಾಗ, ಅಂಕಿಯ ಜಾಗದಲ್ಲಿ ತಾನು ಬರೆದದ್ದೇ ಅಕ್ಷರಕ್ಷರವೂ ಅಲ್ಲಿತ್ತು.

"ಯಾಕೆ ಮಾಡ್ದೆ?"

ಅವನು ಮೇಜು ನೋಡುತ್ತ ಹೇಳಿದ. ತಮ್ಮನಿಗೆ ಇಪ್ಪತ್ತೆರಡು ವರ್ಷ. ಹುಟ್ಟಿದಾಗಿನಿಂದ ಮಾತಿಲ್ಲ, ಬರೆಯಲೂ ಬರದು. ಅಪ್ಪ ಅಮ್ಮ ಹೋದ ಮೇಲೆ ಇವನೇ ಸಾಕಿದ್ದು. ಹದಿನೆಂಟು ದಿನದ ಹಿಂದೆ ಬಸ್ ಸ್ಟ್ಯಾಂಡಿನಲ್ಲಿ ಟಿಕೆಟ್ ತರಲು ಹೋಗಿ ಬರುವಷ್ಟರಲ್ಲಿ ಇಲ್ಲ. ಬೇರೆಯವರು ಕಳೆದುಹೋದರೆ ಇಂಥವರ ಮನೆಯವನು ಎಂದಾದರೂ ಹೇಳಿಯಾರು.

"ಇವನ ಹೆಸರು ಯಾರಾದ್ರೂ ಕೇಳಿದ್ರೆ ನಗ್ತಾನೆ ಸಾರ್. ಅಷ್ಟೇ ಗೊತ್ತು ಅವನಿಗೆ. ಫೋಟೋ ನೋಡಿ ಯಾರಾದ್ರೂ ಗುರುತು ಹಿಡಿದ್ರೇನೆ. ಒಂದೊಂದೇ ಹೊಸ ಪ್ರಕಟಣೆ ಬರೋದು, ಇವನು ಒಂದೊಂದೇ ಮೆಟ್ಟಿಲು ಇಳಿಯೋನು. ನೋಡ್ತಾ ಕೂರೋಕಾಗ್ಲಿಲ್ಲ."

"ಅಜ್ಜಿಗೆ ಫೋನ್ ಮಾಡಿ ಇನ್ನೊಂದ್ಸಲ ಹಾಕಿ ಅಂದಿದ್ರೆ ಮೇಲೆ ಬರ್ತಿತ್ತಲ್ಲೋ."

ಬೆಲೆರಾಯ ತಲೆಯೆತ್ತಿ ಕಣ್ಣು ಕಣ್ಣು ಬಿಟ್ಟ. ಆ ಮಾತೂ ಅವನಿಗೆ ಹೊಳೆದಿರಲಿಲ್ಲ. ಪುಟಗಳ ಹಿಂದೆ ಮನುಷ್ಯರು ಇರುತ್ತಾರೆ, ಕೇಳಿದರೆ ಕೊಡುತ್ತಾರೆ ಎಂಬುದು ಅವನ ಕಸುಬಿನಲ್ಲಿ ಇರಲಿಲ್ಲ.

ಇನ್ಸ್‌ಪೆಕ್ಟರ್‌ಗೆ ಸಿಟ್ಟು ಬರಬೇಕಿತ್ತು, ಬಂದೂ ಇತ್ತು. ಆಸ್ಪತ್ರೆಯ ಅಜ್ಜನ ವಿಷಯ ಹೇಳಿದರು. ಎಂಟು ಮನೆಗಳ ವಿಷಯ ಹೇಳಿದರು. ಅವನು ಎರಡೂ ಕೈಯಲ್ಲಿ ಮುಖ ಮುಚ್ಚಿಕೊಂಡ. ಅಜ್ಜ ಸಿಕ್ಕಿದರು ಎಂದು ಕೇಳಿದಾಗ ಮಾತ್ರ ಬೆರಳ ಸಂದಿಯಿಂದ, ಸದ್ಯ, ಬದುಕಿಕೊಂಡೆ ಎಂದ.

"ಇನ್ನೊಂದು ಹೇಳು. ನಿನ್ನ ನಂಬರಿಗೂ ಒಂದು ಮೆಸೇಜು ಕಳಿಸ್ಕೊಂಡಿದ್ರೆ ನಾವು ಇಷ್ಟು ಬೇಗ ಬರ್ತಿರ್ಲಿಲ್ಲ. ಯಾಕೆ ಬಿಟ್ಟೆ?"

"ಹಾಕಿದ್ದೆ ಸಾರ್. ಗುಮಾನಿ ಬರಬಾರದು ಅಂತ ನನ್ನ ನಂಬರನ್ನೂ ಹಾಕಿದ್ದೆ. ಕಳಿಸೋ ಮುಂಚೆ ಒಂದ್ಸಲ ಓದಿದೆ. ಅವನ ಗುರುತು, ನಿಧನರಾಗಿದ್ದು ಅಂತ. ಸುಳ್ಳು ಅಂತ ಗೊತ್ತಿದ್ರೂ ಅದು ನನ್ನ ಫೋನಿಗೆ ಬರೋದು ಬೇಡ ಅನ್ನಿಸ್ತು. ಅಳಿಸಿಬಿಟ್ಟೆ."

ಬೇರೆಯವರ ಫೋನಿಗೆ ಬರಬಹುದಿತ್ತಾ ಎಂದು ಇನ್ಸ್‌ಪೆಕ್ಟರ್ ಕೇಳಲಿಲ್ಲ. ಅವನೇ ತನಗೆ ತಾನು ಕೇಳಿಕೊಳ್ಳುತ್ತಿದ್ದದ್ದು ಮುಖದಲ್ಲಿ ಕಾಣುತ್ತಿತ್ತು.

ಹನ್ನೆರಡೂವರೆಗೆ ಬಂಧನದ ವಿಷಯ ಅವನಿಗೆ ತಿಳಿಸಲಾಯಿತು. ಇಬ್ಬರು ಸಹೋದ್ಯೋಗಿಗಳನ್ನು ಪಂಚರನ್ನಾಗಿ ನಿಲ್ಲಿಸಿಕೊಂಡು ಉಸ್ಸಪ್ಪ ಪಂಚನಾಮೆ ಬರೆಯತೊಡಗಿದ. ಕಂಪ್ಯೂಟರ್ ಒಂದು. ಹಾರ್ಡ್ ಡಿಸ್ಕ್ ಒಂದು. ಎಲ್ಲದಕ್ಕೂ ಬೆಲೆರಾಯ ತಲೆಯಾಡಿಸಿದ. ಮೊಬೈಲ್ ಫೋನ್ ಒಂದು ಎಂದು ಉಸ್ಸಪ್ಪ ಕೈ ಚಾಚಿದಾಗ ಮಾತ್ರ ಅವನು ಫೋನನ್ನು ಎದೆಗೆ ಒತ್ತಿಕೊಂಡ.

"ಕೊಡ್ತೀನಿ ಸಾರ್. ಆಫ್ ಮಾತ್ರ ಮಾಡ್ಬೇಡಿ. ಅವನ ಫೋಟೋ ಕೆಳಗಿರೋದು ಇದೇ ನಂಬರು."

ಉಸ್ಸಪ್ಪ ಇನ್ಸ್‌ಪೆಕ್ಟರ್ ಮುಖ ನೋಡಿದ. ಜಪ್ತಿ ಮಾಡಿದ ಫೋನನ್ನು ಆಫ್ ಮಾಡಿ, ಲಕೋಟೆಗೆ ಹಾಕಿ, ಅರಗಿನ ಮುದ್ರೆ ಒತ್ತಿ ಮಾಲುಕೋಣೆಯಲ್ಲಿ ಇಡಬೇಕು. ಅದು ಕಾನೂನು. ಯಾರಾದರೂ ಆ ಹುಡುಗನನ್ನು ಕಂಡು ಫೋನು ಮಾಡಿದರೆ ಲಕೋಟೆ ಉತ್ತರ ಕೊಡುವುದಿಲ್ಲ.

ಇನ್ಸ್‌ಪೆಕ್ಟರ್ ಪಂಚನಾಮೆಯನ್ನು ಅರ್ಧಕ್ಕೆ ನಿಲ್ಲಿಸಿ ಟೆಲಿಫೋನ್ ಅಜ್ಜಿಗೆ ಕರೆ ಮಾಡಿದರು. ಮಾತಿಲ್ಲದ ಹುಡುಗನ ಪ್ರಕಟಣೆ ಮತ್ತೆ ಮೊದಲಿಂದ ಹಾಕಿ, ಎಲ್ಲಕ್ಕಿಂತ ಮೇಲೆ ಬರಲಿ, ನಂಬರು ಮಾತ್ರ ಬದಲಾಯಿಸಿ ಎಂದು ಠಾಣೆಯ ನಂಬರು ಹೇಳಿದರು. ಹಗಲು ರಾತ್ರಿ ಯಾರಾದರೊಬ್ಬರು ಎತ್ತುವ ಫೋನು ಅದು. ಅಜ್ಜಿ ಹೂಂಗುಟ್ಟಿದಳು. ಕೀಲಿಮಣೆ ತನ್ನ ಫೋನಿನಲ್ಲಿ ಪುಟವನ್ನು ತೆರೆದು ಹಿಡಿದು ನಿಂತಳು. ಐದಾರು ನಿಮಿಷ ಕಳೆಯಿತು. ಕೆಳಗೆ ಟೈರ್ ಅಂಗಡಿಯಲ್ಲಿ ಯಾರೋ ಗಾಳಿ ತುಂಬುತ್ತಿದ್ದರು. ಆಮೇಲೆ ಪುಟದ ತುತ್ತತುದಿಯಲ್ಲಿ ಆ ಹುಡುಗನ ನಗುಮುಖ ಬಂತು, ಅದರ ಕೆಳಗೆ ಠಾಣೆಯ ನಂಬರು.

ಬೆಲೆರಾಯ ಅದನ್ನು ಒಂದೊಂದೇ ಅಂಕಿ ಓದಿ ನೋಡಿದ. ಆಮೇಲೆ ತನ್ನ ಫೋನನ್ನು ತಾನೇ ಆಫ್ ಮಾಡಿ ಉಸ್ಸಪ್ಪನ ಕೈಯಲ್ಲಿಟ್ಟ.